‘ಇದು ನಿಜವಾಗಿ ನಡೆದದ್ದು’ ಎಂದ ಕೂಡಲೇ ದೆವ್ವ ಯಾಕೆ ದೊಡ್ಡದಾಗುತ್ತದೆ?

ನಡುಗುವ ಕ್ಯಾಮೆರಾ, ಟಾರ್ಚಿನ ಬೆಳಕು, ಯಾರದೋ ಏದುಸಿರು. ಪೊದೆಯ ಹಿಂದೆ ಬೆಳ್ಳಗೆ ಏನೋ ಸರಿದಂತಾಗುತ್ತದೆ. ಯಾರೋ ಚೀರುತ್ತಾರೆ, ಕ್ಯಾಮೆರಾ ನೆಲಕ್ಕೆ ಬೀಳುತ್ತದೆ. ಅಲ್ಲಿಗೆ ವಿಡಿಯೋ ಮುಗಿಯಿತು. ಕೆಳಗೆ ಒಂದು ಸಾಲು: ‘ನಿನ್ನೆ ರಾತ್ರಿ ನಮ್ಮ ಕಪ್ಪತಗುಡ್ಡದಾಗ ಆಗಿದ್ದು. ಎಲ್ಲಾ ಗ್ರೂಪಿಗೂ ಕಳಸ್ರಿ.’

ಇಂಥದ್ದು ನಿಮ್ಮ ಫೋನಿಗೂ ಬಂದಿರಬಹುದು. ಗದಗ-ಬೆಟಗೇರಿಯ ಗ್ರೂಪಿನಲ್ಲಿ ಕಪ್ಪತಗುಡ್ಡ ಎಂದಿದ್ದದ್ದು ಲಕ್ಷ್ಮೇಶ್ವರಕ್ಕೆ ಬರುವ ಹೊತ್ತಿಗೆ ಶಿರಹಟ್ಟಿ ರಸ್ತೆ ಎಂದಾಗಿರುತ್ತದೆ, ಮುಂಡರಗಿಯಲ್ಲಿ ತುಂಗಭದ್ರೆಯ ದಂಡೆ ಎಂದಾಗಿರುತ್ತದೆ. ದೆವ್ವ ಒಂದೇ, ವಿಳಾಸ ಮಾತ್ರ ಬದಲಾಗುತ್ತಾ ಹೋಗುತ್ತದೆ.

ದೆವ್ವ ಉಂಟೋ ಇಲ್ಲವೋ ಎಂಬ ಹಳೆಯ ವಾದಕ್ಕೆ ನಾವು ಇಲ್ಲಿ ಕೈ ಹಾಕುವುದಿಲ್ಲ. ಆ ಒಂದು ಸಾಲನ್ನು, ಅಂದರೆ ‘ಇದು ನಿಜವಾಗಿ ನಡೆದದ್ದು’ ಎಂಬ ಮಾತನ್ನು, ವಿಡಿಯೋದಿಂದ ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಇದು ನಮ್ಮ ಪ್ರಶ್ನೆ. ಉತ್ತರ ಹುಡುಕಲು ಕನ್ನಡದ್ದೇ ಒಂದು ಸಿನಿಮಾ ಇದೆ.

ಕಾಡಿನಲ್ಲಿ ಸಿಕ್ಕ ಕ್ಯಾಮೆರಾ

2013ರ ನವೆಂಬರ್‌ನಲ್ಲಿ ‘6-5=2’ ಎಂಬ ಚಿತ್ರ ತೆರೆಗೆ ಬಂತು. ಹೆಸರಿನಲ್ಲೇ ಲೆಕ್ಕ ತಪ್ಪಿತ್ತು. ಕೆ.ಎಸ್. ಅಶೋಕ ಅವರಿಗೆ ನಿರ್ದೇಶಕರಾಗಿ ಅದು ಮೊದಲ ಚಿತ್ರ. ಪಶ್ಚಿಮ ಘಟ್ಟಕ್ಕೆ ಚಾರಣ ಹೋದ 6 ಮಂದಿ ಗೆಳೆಯರ ಕಥೆ. ಅವರೇ ಒಯ್ದಿದ್ದ ಕ್ಯಾಮೆರಾದಲ್ಲಿ ದಾಖಲಾದದ್ದು ಆಮೇಲೆ ಸಿಕ್ಕಿದೆ, ಅದನ್ನೇ ನೀವು ನೋಡುತ್ತಿದ್ದೀರಿ ಎಂಬ ಧಾಟಿಯಲ್ಲಿ ಇಡೀ ಚಿತ್ರ ಸಾಗುತ್ತದೆ. ಹೆಸರಾಂತ ನಾಯಕ ಇರಲಿಲ್ಲ, ದೊಡ್ಡ ಬಂಡವಾಳ ಇರಲಿಲ್ಲ. ಆದರೂ ಚಿತ್ರ ಗೆದ್ದಿತು. ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು.

ನೋಡಿ ಬಂದವರು ಎರಡು ಪಂಗಡವಾದರು. ಒಂದು ಪಂಗಡಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನೊಂದು ಪಂಗಡ ‘ಏನೈತಿ ಅದರಾಗ? ಬರೇ ಕ್ಯಾಮೆರಾ ಅಲುಗಾಡ್ತದ, ತಲಿ ಸುತ್ತು ಬಂತು’ ಎಂದು ಬೇಸರಪಟ್ಟಿತು. ಇಬ್ಬರೂ ಕೇಳಿದ ಪ್ರಶ್ನೆ ಮಾತ್ರ ಒಂದೇ: ಇದು ಖರೇನಾ?

ಖರೇ ಅಲ್ಲ. ಅದು ನಟರು ನಟಿಸಿದ, ಸಂಕಲನಕಾರರು ಕತ್ತರಿಸಿ ಜೋಡಿಸಿದ ಚಿತ್ರ. ಚಿತ್ರಮಂದಿರಕ್ಕೆ ಬರುವ ಯಾವ ಚಿತ್ರವೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ತೋರಿಸಿಯೇ ಶುರುವಾಗಬೇಕು. ಆರು ಜನರ ಮೇಲೆ ಕಾಡಿನಲ್ಲಿ ನಿಜವಾಗಿ ಆಪತ್ತು ಬಂದು, ಅದರ ದೃಶ್ಯ ಸಿಕ್ಕಿದ್ದರೆ ಅದು ಪೊಲೀಸರ ಕೈಯಲ್ಲಿ, ನ್ಯಾಯಾಲಯದ ಕಡತದಲ್ಲಿ ಇರುತ್ತಿತ್ತು. ಟಿಕೆಟ್ ಹರಿದು ಒಳಗೆ ಬಿಡುವ ಜಾಗದಲ್ಲಿ ಇರುತ್ತಿರಲಿಲ್ಲ.

ಈ ತಂತ್ರವೂ ಹೊಸದಲ್ಲ. 1980ರಲ್ಲಿ ಇಟಲಿಯ ರುಜ್ಜೆರೊ ದಿಯೊದಾತೊ ‘ಕ್ಯಾನಿಬಲ್ ಹಾಲೊಕಾಸ್ಟ್’ ಮಾಡಿದಾಗ, ನಟರನ್ನು ನಿಜವಾಗಿಯೇ ಕೊಂದಿದ್ದಾರೆ ಎಂಬ ಅನುಮಾನ ಹುಟ್ಟಿತು. ಕೊನೆಗೆ ಅವರು ಬದುಕಿದ್ದಾರೆ ಎಂದು ಆತ ತೋರಿಸಿಕೊಡಬೇಕಾಯಿತು. 1999ರಲ್ಲಿ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇದನ್ನು ಇನ್ನೂ ಜಾಣತನದಿಂದ ಬಳಸಿತು. ಮೂವರು ವಿದ್ಯಾರ್ಥಿಗಳು ಕಾಡಿನಲ್ಲಿ ಕಾಣೆಯಾದರು ಎಂದು ಒಂದು ಜಾಲತಾಣ, ಪೊಲೀಸ್ ವರದಿಯಂತೆ ಕಾಣುವ ಕಾಗದಗಳು, ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರಗಳು. ನಾಯಕಿಯಾಗಿದ್ದ ಹೆದರ್ ಡೊನಹ್ಯು ಅವರ ತಾಯಿಗೆ ಸಂತಾಪ ಪತ್ರಗಳು ಬಂದವು. ಮಗಳು ಚೆನ್ನಾಗಿಯೇ ಇದ್ದಳು! ಕೆಲವು ಹತ್ತು ಸಾವಿರ ಡಾಲರ್‌ಗಳಲ್ಲಿ ಚಿತ್ರೀಕರಿಸಿದ ಆ ಚಿತ್ರ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಚಿತ್ರದಲ್ಲಿ ಮಾಟಗಾತಿ ಒಂದು ಕ್ಷಣವೂ ಕಾಣುವುದಿಲ್ಲ. ಭಯ ಹುಟ್ಟಿಸಿದ್ದು ತೆರೆಯ ಮೇಲೆ ಕಂಡದ್ದಲ್ಲ, ತೆರೆಯ ಹೊರಗೆ ಮೊದಲೇ ಕೇಳಿಸಿಕೊಂಡ ಮಾತು.

ಪ್ರೇಕ್ಷಕರು ಹೆದರಿದರು ಎಂಬ ಸುದ್ದಿಯೂ ಹಲವು ಸಲ ಪ್ರಚಾರವೇ. 2008ರಲ್ಲಿ ನಮ್ಮ ಸುದೀಪ್ ನಟಿಸಿದ ಹಿಂದಿಯ ‘ಫೂಂಕ್’ ಬಂದಾಗ, ಅದನ್ನು ಚಿತ್ರಮಂದಿರದಲ್ಲಿ ಒಬ್ಬರೇ ಕೂತು ನೋಡಿದವರಿಗೆ 5 ಲಕ್ಷ ರೂಪಾಯಿ ಕೊಡುವುದಾಗಿ ರಾಮ್ ಗೋಪಾಲ್ ವರ್ಮಾ ಸಾರಿದ್ದರು. ಪಂಥ ಕಟ್ಟಿದ ಮೇಲೆ ಚಿತ್ರ ಹೇಗಿದೆ ಎಂದು ಯಾರು ಕೇಳುತ್ತಾರೆ? 1938ರಲ್ಲಿ ಅಮೆರಿಕದಲ್ಲಿ ಮಂಗಳ ಗ್ರಹದವರು ದಾಳಿ ಮಾಡಿದರು ಎಂಬ ರೇಡಿಯೋ ನಾಟಕ ಕೇಳಿ ದೇಶಕ್ಕೆ ದೇಶವೇ ಬೀದಿಗೆ ಓಡಿತು ಎಂಬ ಕಥೆ ಇಂದಿಗೂ ಪಠ್ಯಗಳಲ್ಲಿದೆ. ಆ ಗಾಬರಿಯನ್ನು ಅಂದಿನ ಪತ್ರಿಕೆಗಳೇ ಹಿಗ್ಗಿಸಿ ಬರೆದಿದ್ದವು ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ.

ಒಂದೇ ಚಿತ್ರ, ಒಬ್ಬರಿಗೆ ನಡುಕ, ಇನ್ನೊಬ್ಬರಿಗೆ ತಲೆನೋವು

ತಲೆ ಸುತ್ತುವ ವಿಷಯವನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭದ್ದು. ಕ್ಯಾಮೆರಾ ಓಡುವಾಗ ‘ನೀನು ಓಡುತ್ತಿದ್ದೀ’ ಎಂದು ಕಣ್ಣು ಮಿದುಳಿಗೆ ಹೇಳುತ್ತದೆ. ‘ಇಲ್ಲ, ಕುರ್ಚಿಯಲ್ಲಿ ಕೂತಿದ್ದೀ’ ಎಂದು ಒಳಕಿವಿಯ ಸಮತೋಲನದ ಅಂಗ ಹೇಳುತ್ತದೆ. ಎರಡು ಸುದ್ದಿ ಹೊಂದದಿದ್ದಾಗ ಕೆಲವರಿಗೆ ವಾಕರಿಕೆ, ಬೆವರು, ತಲೆನೋವು. ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡಿದಾಗ ಆಗುವುದೂ ಇದೇ ರೀತಿಯದು. ‘ಬ್ಲೇರ್ ವಿಚ್’ ನೋಡುತ್ತಲೇ ಹೊರಗೆ ಹೋಗಿ ವಾಂತಿ ಮಾಡಿಕೊಂಡವರಿದ್ದರು. ‘ಚಿತ್ರದಲ್ಲಿ ಏನೋ ಇದೆ, ಅದಕ್ಕೇ ಜನ ವಾಂತಿ ಮಾಡುತ್ತಾರೆ’ ಎಂಬ ಮಾತು ಹುಟ್ಟಿದರೆ ಅದಕ್ಕೆ ದೆವ್ವ ಬೇಕಾಗಿಲ್ಲ, ಒಳಕಿವಿ ಸಾಕು.

ಭಯದ ಕಥೆ ಇಷ್ಟು ಸರಳವಲ್ಲ. ಇದ್ದಕ್ಕಿದ್ದಂತೆ ದೊಡ್ಡ ಸದ್ದಾದರೆ ದೇಹ ಬೆಚ್ಚುತ್ತದೆ. ಯೋಚನೆಗೆ ಮೊದಲೇ ಭುಜ ಮೇಲೇರುತ್ತದೆ, ಕಣ್ಣು ಮುಚ್ಚುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ‘ಇದು ಸಿನಿಮಾ’ ಎಂದು ಬುದ್ಧಿ ಹೇಳುವುದು ಆಮೇಲೆ. ಸಾಮಾನ್ಯ ದೆವ್ವದ ಚಿತ್ರದಲ್ಲಿ ಆ ಸಮಾಧಾನ ಬೇಗ ಸಿಗುತ್ತದೆ. ನಟಿಯ ಮುಖ ಗುರುತಿನದು, ಹಿನ್ನೆಲೆ ಸಂಗೀತವೇ ಮುನ್ಸೂಚನೆ ಕೊಡುತ್ತದೆ, ನಡುವೆ ಹಾಸ್ಯ ಬರುತ್ತದೆ. ‘ಸಿಕ್ಕ ವಿಡಿಯೋ’ ಮಾದರಿಯ ಚಿತ್ರ ಈ ಆಸರೆಗಳನ್ನೆಲ್ಲ ಕಿತ್ತುಹಾಕುತ್ತದೆ. ಮುಖಗಳು ಹೊಸವು, ಮಾತು ಪಕ್ಕದ ಮನೆಯವರ ಮಾತಿನಂತಿದೆ, ಬೆಳಕು ನಮ್ಮ ಫೋನಿನ ಬೆಳಕಿನಂತೆಯೇ ಇದೆ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ನಾವೇ ತೆಗೆದ ವಿಡಿಯೋ ಹೀಗೇ ಅಲುಗಾಡುತ್ತದಲ್ಲವೇ? ಅಲುಗಾಡಿದರೆ ನಿಜ, ಅಚ್ಚುಕಟ್ಟಾಗಿದ್ದರೆ ಸಿನಿಮಾ ಎಂದು ನಮ್ಮ ಕಣ್ಣು ಕಲಿತುಬಿಟ್ಟಿದೆ. ಚಿತ್ರ ಮಾಡುವವರಿಗೂ ಈ ಪಾಠ ಗೊತ್ತು, ಅದಕ್ಕೇ ಲೆಕ್ಕ ಹಾಕಿ ಅಲುಗಾಡಿಸುತ್ತಾರೆ.

ಹಾಗಾಗಿ ‘ನಿಜ’ ಎಂದು ಅರ್ಧದಷ್ಟಾದರೂ ನಂಬಿ ಕೂತವರಿಗೆ ಎಲೆ ಅಲುಗಿದರೂ ಭಯ. ‘ಎಲ್ಲಾ ಸುಳ್ಳು’ ಎಂದು ಮೊದಲೇ ತೀರ್ಮಾನಿಸಿದವರಿಗೆ ಅದು ಮಸುಕಾದ, ಉದ್ದನೆಯ, ಏನೂ ನಡೆಯದ ಚಿತ್ರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಚೌಕಟ್ಟು ಕಳಚಿದಾಗ

ಚಿತ್ರಮಂದಿರದಲ್ಲಿ ಈ ಆಟಕ್ಕೆ ಒಂದು ಚೌಕಟ್ಟು ಇರುತ್ತದೆ. ದುಡ್ಡು ಕೊಟ್ಟಿದ್ದೇವೆ, ಪ್ರಮಾಣಪತ್ರ ನೋಡಿದ್ದೇವೆ, ಮುಗಿದ ಮೇಲೆ ದೀಪ ಹತ್ತುತ್ತದೆ, ಹೊರಗೆ ಬಂದು ಚಹಾ ಕುಡಿದು ನಗುತ್ತೇವೆ. ಹೆದರಲೆಂದೇ ಹೋಗಿದ್ದೆವು, ಹೆದರಿದೆವು, ಲೆಕ್ಕ ಚುಕ್ತಾ. ಅಂಥ ಚಿತ್ರಗಳ ಬಗ್ಗೆ ನಮ್ಮ ತಕರಾರಿಲ್ಲ.

ಚೌಕಟ್ಟು ಕಾಣದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬಿಬಿಸಿ 1992ರ ಅಕ್ಟೋಬರ್ 31ರಂದು ಪ್ರಸಾರ ಮಾಡಿದ ‘ಘೋಸ್ಟ್‌ವಾಚ್’ ಉದಾಹರಣೆ. ದೆವ್ವ ಇರುವ ಮನೆಯಿಂದ ನೇರ ಪ್ರಸಾರ ಎಂಬಂತೆ ಮೊದಲೇ ಚಿತ್ರೀಕರಿಸಿಟ್ಟಿದ್ದ ನಾಟಕ ಅದು. ನಡೆಸಿಕೊಟ್ಟವರು ಮನೆಮಂದಿಗೆಲ್ಲ ಪರಿಚಿತರಾಗಿದ್ದ ನಿರೂಪಕ ಮೈಕೆಲ್ ಪಾರ್ಕಿನ್‌ಸನ್. ಆರಂಭದಲ್ಲಿ ಕಥೆಗಾರರ ಹೆಸರು ಬಂದಿತ್ತು, ಕಾರ್ಯಕ್ರಮ ಪತ್ರಿಕೆಯಲ್ಲಿ ನಟರ ಪಟ್ಟಿಯೂ ಇತ್ತು. ಆದರೂ ಸಾವಿರಾರು ಜನ ಗಾಬರಿಯಿಂದ, ಸಿಟ್ಟಿನಿಂದ ಬಿಬಿಸಿಗೆ ಫೋನ್ ಮಾಡಿದರು. ನಡುವೆ ಟಿವಿ ಹಚ್ಚಿದವರಿಗೆ ಆರಂಭದ ಹೆಸರು ಹೇಗೆ ಗೊತ್ತಾಗಬೇಕು? ಕಾರ್ಯಕ್ರಮ ನೋಡಿದ ಮೇಲೆ ತೀವ್ರ ಮಾನಸಿಕ ಆಘಾತದ ಲಕ್ಷಣ ತೋರಿದ ಇಬ್ಬರು ಹತ್ತು ವರ್ಷದ ಹುಡುಗರ ಬಗ್ಗೆ 1994ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರು ಬರೆದರು. ಬಿಬಿಸಿ ಅದನ್ನು ಮತ್ತೆಂದೂ ತನ್ನ ವಾಹಿನಿಯಲ್ಲಿ ಹಾಕಲಿಲ್ಲ.

ಫಾರ್ವರ್ಡ್ ಆಗುವ ವಿಡಿಯೋದಲ್ಲಿ ಎಲ್ಲರೂ ನಡುವೆ ಟಿವಿ ಹಚ್ಚಿದವರೇ. ಒಂದೂವರೆ ಗಂಟೆಯ ಚಿತ್ರದಿಂದ ಅರ್ಧ ನಿಮಿಷ ಕತ್ತರಿಸಿದರೆ ಹೆಸರು, ನಟರು, ಪ್ರಮಾಣಪತ್ರ ಎಲ್ಲವೂ ಉದುರಿಹೋಗುತ್ತವೆ. ನಾಲ್ಕು ಸಲ ಫಾರ್ವರ್ಡ್ ಆದ ಮೇಲೆ ಚಿತ್ರವೂ ಮಸುಕಾಗುತ್ತದೆ, ಮಸುಕಾದಷ್ಟೂ ‘ಅಸಲಿ’ ಅನಿಸುತ್ತದೆ. ಕಳಿಸಿದವರೋ ನಮ್ಮ ಸೋದರಮಾವ, ಓಣಿಯ ಹಿರಿಯರು, ಶಾಲೆಯ ಗೆಳತಿ. ವಿಡಿಯೋ ಮಾಡಿದವನು ಯಾರೋ ಗೊತ್ತಿಲ್ಲ, ಕಳಿಸಿದವರು ನಮ್ಮವರು. ಮಾಡಿದವನಿಗೆ ಸಿಗಬೇಕಾದ ಅನುಮಾನ ಅಲ್ಲಿಗೆ ಅಳಿಸಿಹೋಗುತ್ತದೆ.

ಮನಸ್ಸಿನ ಇನ್ನೊಂದು ಗುಣವೂ ಇಲ್ಲಿ ಕೆಲಸ ಮಾಡುತ್ತದೆ. ಕೇಳಿದ್ದು ನೆನಪಿರುತ್ತದೆ, ಎಲ್ಲಿ ಕೇಳಿದ್ದು ಎಂಬುದು ಬೇಗ ಮರೆತುಹೋಗುತ್ತದೆ. ನೋಡಿದ ದಿನ ‘ಯಾರೋ ಮಾಡಿದ ಸುಳ್ಳು ವಿಡಿಯೋ’ ಎಂದು ನಕ್ಕವರೇ ಆರು ತಿಂಗಳ ನಂತರ ‘ಆ ರಸ್ತಿಯೊಳಗ ಏನೋ ಆಗಿತ್ತಂತ’ ಎನ್ನುತ್ತಾರೆ. ಇದು ದಡ್ಡತನವಲ್ಲ, ನೆನಪು ಕೆಲಸ ಮಾಡುವ ರೀತಿಯೇ ಹಾಗಿದೆ.

ವಾಟ್ಸಾಪ್ ಇಲ್ಲದ ಕಾಲದಲ್ಲೂ ಇದು ನಡೆದಿದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು, ಬರಹ ಓದಿ ವಾಪಸು ಹೋಗುತ್ತದೆ, ನಾಳೆ ಮತ್ತೆ ಬಂದು ಮತ್ತೆ ಓದುತ್ತದೆ. ಅಕ್ಷರ ಬಲ್ಲ, ಆದರೆ ಲೆಕ್ಕ ಬಾರದ ದೆವ್ವ! 2018ರ ಹಿಂದಿ ಚಿತ್ರ ‘ಸ್ತ್ರೀ’ಗೆ ಇದೇ ಎಳೆ. ಆಗ ಸುದ್ದಿ ಬಸ್ಸಿನಲ್ಲಿ, ಸಂತೆಯಲ್ಲಿ, ನೀರಿನ ನಲ್ಲಿಯ ಬಳಿ ಊರಿಂದ ಊರಿಗೆ ಹೋಗಿತ್ತು. ಗೋಡೆಯ ಮೇಲೆ ಎರಡು ಪದ ಬರೆದುಕೊಂಡವರಿಂದ ಯಾರಿಗೂ ನೋವಾಗಲಿಲ್ಲ. 2018ರಲ್ಲಿ ಹಾಗಾಗಲಿಲ್ಲ.

ಕೊನೆಯ ದೃಶ್ಯ ಕತ್ತರಿಸಿದ ಒಂದು ವಿಡಿಯೋ

ಆ ವರ್ಷ ಹರಿದಾಡಿದ ವಿಡಿಯೋದಲ್ಲಿ ದೆವ್ವ ಇರಲಿಲ್ಲ. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುತ್ತಾರೆ. ಅಲುಗಾಡುವ, ಮಸುಕಾದ, ಸಿಸಿಟಿವಿಯಂಥ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ರೋಶನಿ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ನಾಟಕ. ಮೂಲದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಅದಕ್ಕೆ ನಮ್ಮ ಊರುಗಳ ಹೆಸರು ಅಂಟಿಸಿ, ‘ಮಕ್ಕಳ ಕಳ್ಳರು ಬಂದಾರ’ ಎಂದು ಹರಿಬಿಟ್ಟರು.

‘6-5=2’ರ ತಂತ್ರ, ‘ಘೋಸ್ಟ್‌ವಾಚ್’ನ ತಂತ್ರ, ಈ ವಿಡಿಯೋದ ತಂತ್ರ ಮೂರೂ ಒಂದೇ: ನಟನೆಯನ್ನು ದಾಖಲೆಯಂತೆ ತೋರಿಸುವುದು. ಮೂರನೆಯದರಲ್ಲಿ ಚೌಕಟ್ಟನ್ನು ಬೇಕೆಂದೇ ಮುರಿದಿದ್ದರು, ಅಷ್ಟೇ ವ್ಯತ್ಯಾಸ.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪಿನ ಮೇಲೆ ದಾಳಿಯಾಯಿತು. ಅವರು ಮಾಡಿದ್ದು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲೇ ವಾಟ್ಸಾಪ್ ಸಂದೇಶ ಮುಟ್ಟಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. ಬಹಳ ಸಲ ಫಾರ್ವರ್ಡ್ ಆದ ಸಂದೇಶದ ಮೇಲೆ ಈಗ ಎರಡು ಬಾಣದ ಗುರುತು ಕಾಣುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ನಾವು ಮಾತ್ರ ಇಂದಿಗೂ ಎರಡು ಬಾಣ ಕಂಡರೆ ‘ಎಲ್ಲರೂ ಕಳಿಸ್ಯಾರ, ಖರೇ ಇರಬೇಕು’ ಎಂದುಕೊಳ್ಳುತ್ತೇವೆ!

ದೆವ್ವದ ವಿಡಿಯೋದಿಂದ ಅಂಥ ಅಪಾಯ ಎಲ್ಲಿದೆ ಎಂದು ಕೇಳಬಹುದು. ‘ಈ ರಸ್ತೆಯಲ್ಲಿ ರಾತ್ರಿ ಬಿಳಿ ಸೀರೆಯ ಹೆಂಗಸು ಕಾಣುತ್ತಾಳೆ’ ಎಂಬ ಸುದ್ದಿ ಹಬ್ಬಿದ ಮೇಲೆ ಆ ರಸ್ತೆಯಲ್ಲಿ ನಿಜವಾಗಿಯೂ ಒಬ್ಬ ಹೆಂಗಸು ನಡೆದು ಬಂದರೆ? ಹತ್ತಿ ಬಿಡಿಸಿ ತಡವಾಗಿ ಮರಳುವವರು, ಮನೆ ಬಿಟ್ಟು ಅಲೆಯುವ ಮಾನಸಿಕ ಅಸ್ವಸ್ಥರು, ಬೆಳಗಿನ ಜಾವ ಬಯಲಿಗೆ ಹೋಗುವ ಅಜ್ಜಿ. ಕಲ್ಲು ಎಸೆಯುವವನಿಗೆ ಆ ಕ್ಷಣದಲ್ಲಿ ಕಾಣುವುದು ಫೋನಿನಲ್ಲಿ ಕಂಡ ದೆವ್ವ.

ಕಪ್ಪತಗುಡ್ಡದ ರಾತ್ರಿ, ಕ್ಯಾಮೆರಾದ ಕಣ್ಣು

ಎಲ್ಲ ವಿಡಿಯೋಗಳೂ ಸಿನಿಮಾ ತುಣುಕುಗಳಲ್ಲ. ಕೆಲವು ನಿಜವಾದ ಸಿಸಿಟಿವಿ ದೃಶ್ಯಗಳೇ, ಯಾರೂ ಮೋಸ ಮಾಡಿರುವುದಿಲ್ಲ. ಮೋಸ ಹೋಗಿದ್ದು ಕ್ಯಾಮೆರಾ.

ಕತ್ತಲಲ್ಲಿ ಬೆಳಕು ಸಾಲದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಚುಕ್ಕಿ ಚುಕ್ಕಿ ಕಾಣದಿರಲೆಂದು ಹಿಂದಿನ ಚಿತ್ರವನ್ನು ಮುಂದಿನ ಚಿತ್ರದ ಜೊತೆ ಬೆರೆಸುತ್ತದೆ. ನಿಂತ ಗೋಡೆ ಸ್ಪಷ್ಟವಾಗಿ ಕಾಣುತ್ತದೆ, ನಡೆಯುವ ಮನುಷ್ಯ ಮಾತ್ರ ಹೊಗೆಯಂತೆ, ಮೈಯಾಚೆಯ ಗೋಡೆ ಕಾಣುವಂತೆ ಮೂಡುತ್ತಾನೆ. ಕ್ಯಾಮೆರಾ ತಯಾರಕರು ಈ ದೋಷಕ್ಕೆ ‘ಘೋಸ್ಟಿಂಗ್’ ಎಂದೇ ಕರೆಯುತ್ತಾರೆ. ಇನ್ನು ರಾತ್ರಿ ಕ್ಯಾಮೆರಾದಿಂದಲೇ ಹೊಮ್ಮುವ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದು ಮಸೂರದ ಹತ್ತಿರದ ಹುಳು, ಧೂಳು, ಜೇಡರ ಎಳೆಗೆ ಬಡಿದು ಮರಳಿದರೆ ದೊಡ್ಡ ಬಿಳಿ ಗೋಲ ತೇಲಿದಂತೆ, ಬಿಳಿ ಸೆರಗು ಬೀಸಿದಂತೆ ಕಾಣುತ್ತದೆ. ನಮ್ಮಲ್ಲಿ ಧೂಳಿಗೆ ಬರವೇ?

ಕಪ್ಪತಗುಡ್ಡದಲ್ಲಿ ಕತ್ತೆಕಿರುಬ, ತೋಳ, ಚಿರತೆ ಇವೆ. ಕತ್ತಲಲ್ಲಿ ಬೆಳಕು ಬಿದ್ದರೆ ಅವುಗಳ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಕಣಜಗೂಬೆಯ ಮುಖ ಬಿಳಿ, ಹಾರಿದರೆ ಸದ್ದಿಲ್ಲ, ಕೂಗಿದರೆ ಹೆಂಗಸು ಚೀರಿದಂತೆ. ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಈ ಹಕ್ಕಿ ದೆವ್ವದ ಹೆಸರಿನಲ್ಲಿ ಕಲ್ಲೇಟು ತಿನ್ನುತ್ತದೆ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಕತ್ತಲಲ್ಲಿ ಹೊಲಗಳ ಮೇಲೆ ಹಾರುತ್ತಾ ಕೂಗುತ್ತವೆ. ಗುಡ್ಡದ ಗಾಳಿಯಂತ್ರಗಳ ತುದಿಯಲ್ಲಿ ಕೆಂಪು ದೀಪ. ಇದನ್ನೆಲ್ಲ ಬಲ್ಲ ಊರವರಿಗೆ ಭಯವಾಗದು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತು ಫೋನಿನಲ್ಲಿ ನೋಡಿದವರಿಗೆ ಆಗುತ್ತದೆ.

ಮನೆಯ ಗ್ರೂಪಿಗೆ ಬಂದಾಗ

ಮೊದಲು ಸದ್ದು ಬಂದ್ ಮಾಡಿ ನೋಡಿ. ಭಯದ ಬಹುಪಾಲು ಸದ್ದಿನಲ್ಲೇ ಇರುತ್ತದೆ. ಆಮೇಲೆ ದೆವ್ವವನ್ನು ಬಿಟ್ಟು ಸುತ್ತಲಿನದನ್ನು ನೋಡಿ. ಫಲಕದ ಭಾಷೆ ಯಾವುದು, ವಾಹನಗಳು ರಸ್ತೆಯ ಯಾವ ಬದಿಯಲ್ಲಿವೆ, ಗಿಡಮರ ನಮ್ಮ ಸೀಮೆಯದೇ? ಗದಗ ಜಿಲ್ಲೆಯ ವಾಹನವಾದರೆ ಸಾಮಾನ್ಯವಾಗಿ ಕೆಎ 26 ಎಂದಿರಬೇಕು. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ದೃಶ್ಯ ಮೂರು ವರ್ಷದ ಹಿಂದೆ ಬೇರೆ ದೇಶದ ಹೆಸರಿನಲ್ಲಿ ಬಂದದ್ದು ಸಿಗಬಹುದು. ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ: ಅಷ್ಟು ಭಯವಾದವನು ಓಡದೆ ಯಾಕೆ ಚಿತ್ರೀಕರಿಸುತ್ತಾ ನಿಂತ?

ಕಳಿಸಿದವರು ಹಿರಿಯರಾದರೆ ‘ಸುಳ್ಳು’ ಎಂದು ಎಲ್ಲರೆದುರು ಬರೆಯುವುದು ಕಷ್ಟ, ಬರೆಯಬೇಕಾಗಿಯೂ ಇಲ್ಲ. ‘ಕಾಕಾ, ಇದರ ಪೂರ್ತಿ ವಿಡಿಯೋ ಐತೇನ್ರಿ? ಯಾರು ತಗದಾರಂತ್ರಿ?’ ಎಂದು ಕೇಳಿದರೆ ಸಾಕು. ಪೂರ್ತಿ ವಿಡಿಯೋ ಯಾರ ಬಳಿಯೂ ಇರುವುದಿಲ್ಲ.

ಮಕ್ಕಳ ವಿಷಯ ಬೇರೆ. ಚಿಕ್ಕಂದಿನಲ್ಲಿ ನೋಡಿದ ಚಿತ್ರ, ಕಾರ್ಯಕ್ರಮಗಳ ಭಯದ ಬಗ್ಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ 1999ರ ಅಧ್ಯಯನವೊಂದರಲ್ಲಿ ಸುಮಾರು 90% ಜನ ಅಂಥ ಅನುಭವ ಹೇಳಿದ್ದರು. ಸುಮಾರು ಕಾಲು ಭಾಗದವರಿಗೆ ಅದರ ಅಳುಕು ದೊಡ್ಡವರಾದ ಮೇಲೂ ಉಳಿದಿತ್ತು. ಹೆದರಿದ ಮಗುವಿಗೆ ‘ಹುಚ್ಚ, ಅದಕ್ಯಾಕ ಅಂಜತಿ’ ಎಂದು ಬೈದರೆ ಭಯ ಹೋಗದು. ಹಗಲಲ್ಲಿ ಪಕ್ಕ ಕೂರಿಸಿಕೊಂಡು, ಕಳ್ಳದೆವ್ವದ ಬಣ್ಣ ಹೇಗೆ ಬಳಿಯುತ್ತಾರೆ, ಕ್ಯಾಮೆರಾ ಹೇಗೆ ಅಲುಗಾಡಿಸುತ್ತಾರೆ ಎಂದು ವಿವರಿಸಿದರೆ ಕಡಿಮೆಯಾಗುತ್ತದೆ. ಮಕ್ಕಳ ಕೈಗೆ ಫೋನ್ ಕೊಟ್ಟು ಅವರೇ ಒಂದು ದೆವ್ವದ ವಿಡಿಯೋ ಮಾಡಲಿ ಎಂದರೆ ಇನ್ನೂ ಒಳ್ಳೆಯದು. ಅದನ್ನು ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ.

ವಾರಗಳು ಕಳೆದರೂ ನಿದ್ದೆ ಬಾರದೆ, ಒಬ್ಬರೇ ಇರಲು ಆಗದೆ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ‘ಗಾಳಿ ಬಡಿದಿದೆ’ ಎಂದು ಹೊಡೆಯುವವರ, ಹಗ್ಗದಿಂದ ಕಟ್ಟುವವರ ಬಳಿ ಒಯ್ಯಬೇಡಿ. ದೆವ್ವ ಬಿಡಿಸುವ ಹೆಸರಿನಲ್ಲಿ ಹಾಗೆ ಮಾಡುವುದು, 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಗದಗದ ಜಿಮ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವಿಡಿಯೋದ ನೆಪದಲ್ಲಿ ಯಾರನ್ನಾದರೂ ಜನ ಸುತ್ತುವರಿದದ್ದು ಕಂಡರೆ ಫೋನ್ ಎತ್ತಿ ಚಿತ್ರೀಕರಿಸುವ ಮೊದಲು 112ಕ್ಕೆ ಕರೆ ಮಾಡಿ.